ಸೀಮೆಸುಣ್ಣದ ನಂಬರು ಬಿದ್ದ ಮರ

ಮರ ಕಂಡೊಡನೆ ಕೆಲವರಿಗೆ ಕವಿತೆ ಹೊಳೆಯುತ್ತದಂತೆ. ನನಗೆ ಘನ ಅಡಿ ಹೊಳೆಯುತ್ತದೆ. ಹುಣಸೂರಿನ ಮರದ ಡಿಪೋವೊಂದರಲ್ಲಿ ದಿಮ್ಮಿಗಳ ಸುತ್ತಳತೆ ಹಿಡಿಯುತ್ತ ಅರ್ಧಾಯುಷ್ಯ ಸವೆಸಿದ ನನಗೆ, ಕಾಕನಕೋಟೆಯ ಕಾಡಿನಲ್ಲಿ ಹಾದುಹೋಗುವಾಗಲೂ ಪ್ರಕೃತಿಸೌಂದರ್ಯ ಕಾಣದೆ, ತೇಗವೆಷ್ಟು ಬೀಟೆಯೆಷ್ಟು ಎಂಬುದೇ ಕಾಣುತ್ತಿತ್ತು. ಇಂಥ ಅರಸಿಕನ ಕೈಹಿಡಿದವಳು ಸರೋಜ.

ತೊಂಬತ್ತರ ದಶಕದ ಕೊನೆಗೆ ಅವಳಿಗೆ ಉಬ್ಬಸ ಅಂಟಿಕೊಂಡಿತು. ಮನೆಯ ಹಿಂದೆಯೇ ಸಾಮಿಲ್ಲು. ಕಿಟಕಿ ತೆರೆದರೆ ಮರದ ಹೊಟ್ಟು. ಒಂದು ಮಾತು ಮುಗಿಸಲು ಎರಡು ಸಲ ನಿಂತು ಉಸಿರೆಳೆದುಕೊಳ್ಳಬೇಕಾಗಿದ್ದ ಅವಳು ನನ್ನನ್ನು ಬೈಯುವುದನ್ನೇ ಬಿಟ್ಟುಬಿಟ್ಟಳು. ಗಂಡನಾದವನಿಗೆ ಇದು ವರವೆಂದು ನೀವು ನಗಬಹುದು. ಆ ಮೌನಕ್ಕೆ ನಾನು ನಿಜವಾಗಿ ಹೆದರಿದ್ದೆ.

ಡಾಕ್ಟರು ಔಷಧಿ ಬರೆದುಕೊಟ್ಟು, ದಿನಾ ಬೆಳಿಗ್ಗೆ ಧೂಳಿಲ್ಲದ ಹಸಿರಿನ ಜಾಗದಲ್ಲಿ ಓಡಾಡಲಿ ಎಂದರು. ನಮ್ಮ ಪಾಲಿಗೆ ಅಂಥ ಜಾಗವೆಂದರೆ ಪುರಸಭೆಯ ಪಾರ್ಕು: ನಾಲ್ಕು ಹೊಂಗೆ, ಮುರಿದ ಜಾರುಬಂಡೆ, ನಡುವೆ ಒಂದು ಭಾರಿ ಮಳೆಮರ. ಬಡಗಿ ಮನೆಯ ನೂರ್‌ಜಾನ್ ಬೀ ಅಲ್ಲಿ ಅವಳಿಗೆ ಜೊತೆಯಾದರು. ತಿಂಗಳೊಳಗೆ ಸರೋಜ ಪಾರ್ಕನ್ನು ಮೂರು ಸುತ್ತು ಹಾಕುವಷ್ಟಾದಳು.

ಆ ಮೂರು ಸುತ್ತು ಮುಗಿಯುವ ತನಕ ಮಾಡಲು ಕೆಲಸವಿಲ್ಲದ ನಾನು ಒಂದು ದಿನ ಜೇಬಿನ ಟೇಪು ತೆಗೆದು ಮಳೆಮರಕ್ಕೆ ಸುತ್ತಿದೆ. ಕೈ ತನ್ನ ಪಾಡಿಗೆ ಸೀಮೆಸುಣ್ಣದಲ್ಲಿ ಅಳತೆ ಬರೆದು, ನಂಬರು ಹಾಕಿ, ಅದರ ಸುತ್ತ ದುಂಡಗೆ ಒಂದು ಗೆರೆ ಎಳೆಯಿತು. ನಮ್ಮೂರಲ್ಲಿ ನಂಬರು ಬಿದ್ದ ಮರವೆಂದರೆ ಕೊಡಲಿಗೆ ಒಪ್ಪಿಸಿದ ಮರವೆಂದು ಎಳೆಯ ಮಕ್ಕಳಿಗೂ ಗೊತ್ತು. ಬರೆದ ಮಹಾನುಭಾವನಿಗೆ ಮಾತ್ರ ಮರೆತುಹೋಗಿತ್ತು.

ಮರುದಿನ ಪಾರ್ಕಿನ ತುಂಬ ಜನ. ಎಂದೂ ಆ ಗೇಟು ದಾಟದ ಸಾಮಿಲ್ಲಿನ ಮಾಲೀಕರೂ ಬಂದಿದ್ದರು!

"ಯಾವನ್ಲಾ ಇದ್ಕೆ ನಂಬರ್ ಆಕ್ದೋನು?" ಎಂದು ಗುಡುಗಿದ, ತಂಬಾಕು ಮಾರಲು ಊರಿಗೆ ಬಂದಾಗಲೆಲ್ಲ ಅಲ್ಲೇ ಬುತ್ತಿ ಬಿಚ್ಚುತ್ತಿದ್ದ ರೈತ.

"ಮನೇಲಿ ಎಂಟು ಜನ, ಎರಡೇ ರೂಮು. ನಂಗೆ ಕಾಲು ಚಾಚಿ ಕೂರೋಕೆ ಇರೋದು ಇದೊಂದೇ ಜಾಗ ಕಣ್ರೀ" ಎಂದರು ನೂರ್‌ಜಾನ್ ಬೀ.

ಸರೋಜ ನನ್ನ ತೋಳು ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. "ಈಗೀಗ ಮಲಗಿದ್ರೆ ನಿದ್ದೆ ಬತ್ತಿತ್ತು ಕಣ್ರೀ. ಇದನ್ನೂ ಕಡೀತಾರಾ?"

ಇನ್ನು ತಡೆಯಲಾಗಲಿಲ್ಲ. "ನಂಬರು ಹಾಕಿದ್ದು ನಾನೇ ಕಣ್ರಪ್ಪಾ. ಕಡಿಯೋಕಲ್ಲ. ಅಭ್ಯಾಸಬಲ" ಎಂದೆ.

"ಒರೆಸಿ ಮೊದ್ಲು!" ಎಂದರು ನೂರ್‌ಜಾನ್ ಬೀ. ಹೆಗಲ ಮೇಲಿನ ಟವೆಲಿನಿಂದ, ಊರೆಲ್ಲ ನೋಡುತ್ತಿರುವಂತೆ, ಒರೆಸಿದೆ. ಬೈಯಲು ಬಂದವರು ಬೈದು ಮುಗಿಸಿ, ಹೊರಟುಹೋಗದೆ ಆ ನೆರಳಲ್ಲೇ ಕೂತರು. ಪೇಟೆಯ ನಡುವೆ ಇಷ್ಟು ಹಸಿರು ಯಾರಿಗೆ ಬೇಕು ಎಂದು ಹಿಂದೆ ನಾನೇ ಕೇಳಿದ್ದುಂಟು. ಉತ್ತರ ಎದುರಿಗೇ ಕೂತಿತ್ತು.

ಮನೆಗೆ ಹೊರಟಾಗ ಸರೋಜ ಶುರುಮಾಡಿದಳು. ನನ್ನ ಬುದ್ಧಿ, ನನ್ನ ಟೇಪು, ನನಗೆ ಹೆಣ್ಣು ಕೊಟ್ಟ ತನ್ನ ಅಪ್ಪ, ಯಾರನ್ನೂ ಬಿಡದೆ, ಗೇಟಿನಿಂದ ನಮ್ಮ ಬೀದಿಯ ತಿರುವಿನವರೆಗೆ ಎಲ್ಲಿಯೂ ನಿಲ್ಲದೆ, ಒಮ್ಮೆಯೂ ಏದುಸಿರು ಬಿಡದೆ ಬೈದಳು. ನನಗೆಷ್ಟು ಸಂತೋಷವಾಯಿತೆಂದರೆ, ಮನೆಯ ಬಾಗಿಲು ಬಂದರೂ ನೋಡದವನಂತೆ ಅವಳನ್ನು ಇನ್ನೊಂದು ಬೀದಿ ಸುತ್ತಿಸಿದೆ.