ಅರ್ಧ ಗೋಡೆಯ ಜಮಖಾನೆ

ನವಲಗುಂದದ ಬಜಾರದಲ್ಲಿ ನನ್ನ ಬ್ಯೂಟಿ ಪಾರ್ಲರ್‌ಗೂ ಜಹೀರಾಳ ಫೋಟೋ ಸ್ಟುಡಿಯೋಗೂ ನಡುವೆ ಒಂದೇ ಗೋಡೆ. ನಾನು ಮದುಮಗಳನ್ನು ಸಿಂಗರಿಸಿ ಕೂರಿಸಿದರೆ ಅವಳು ಫೋಟೋ ಹೊಡೆಯುತ್ತಾಳೆ. ನನ್ನ ಮಾತು ಜಾಸ್ತಿ, ಅವಳದು ಕಡಿಮೆ, ಹಾಗಾಗಿ ನಮ್ಮ ಜೋಡಿ ಇಷ್ಟು ವರ್ಷ ಬಾಳಿಕೆ ಬಂದಿದೆ. ಆದರೆ ಅವಳ ಒಂದು ಚಟ ಮಾತ್ರ ನನ್ನ ತಲೆಗೆ ಹತ್ತಿರಲಿಲ್ಲ. ಮದುವೆಯ ದಿನಗಳು ಮುಗಿದವೆಂದರೆ ಸಾಕು, ಸ್ಕೂಟರ್ ಹತ್ತಿ ಪಾಳುಬಿದ್ದ ಕಟ್ಟಡ ಹುಡುಕಿಕೊಂಡು ಹೊರಟುಬಿಡುತ್ತಾಳೆ. ಮುಚ್ಚಿದ ಹತ್ತಿ ಗಿರಣಿ, ಬಾಗಿಲು ಕಳಚಿದ ಪ್ರವಾಸಿ ಮಂದಿರ, ಮಕ್ಕಳಿಲ್ಲದ ಶಾಲೆ, ಏನಾದರೂ ಆದೀತು. ಅಷ್ಟು ಚೆಂದದ ಮುಖಗಳನ್ನು ನಾನು ತಯಾರು ಮಾಡಿಕೊಟ್ಟರೂ ಇವಳಿಗೆ ಸುಣ್ಣ ಉದುರಿದ ಗೋಡೆಯೇ ಬೇಕು.

ಅದಕ್ಕೂ ಅವಳದೊಂದು ಶಿಸ್ತಿದೆ. ಒಳಗಿನ ಒಂದು ಸಾಮಾನನ್ನೂ ಆಚೀಚೆ ಸರಿಸುವುದಿಲ್ಲ. ಫ್ಲ್ಯಾಶ್ ಹಾಕುವುದಿಲ್ಲ. ಬಿಸಿಲು ತಾನಾಗಿ ಬಂದು ತೋರಿಸುವವರೆಗೆ ಕಾಯುತ್ತಾಳೆ. ಕಾಯುವುದು ನನ್ನ ಜಾತಕದಲ್ಲೇ ಇಲ್ಲ. ಜೊತೆಗೆ ಹೋದ ಎರಡು ಮೂರು ಸಲವೂ ಜಗಳವಾಡಿಯೇ ಬಂದಿದ್ದೇನೆ.

ಅವಳು ಕ್ಯಾಮರಾ ಹಿಡಿದದ್ದಕ್ಕೂ ಒಂದು ಕಾರಣವಿದೆ. ಅವರದು ಜಮಖಾನೆ ನೇಯುವ ಮನೆ. ಪಡಸಾಲೆಯ ಗೋಡೆಗೆ ನಿಲ್ಲಿಸಿದ ಎತ್ತರದ ಮಗ್ಗ, ಅದರ ಮುಂದೆ ನೆಲದ ಮೇಲೆ ಕೂತು ಹೆಂಗಸರೇ ನೇಯುತ್ತಾರೆ. ಎಳೆಯನ್ನು ಬೆರಳಿಂದ ತೂರಿಸಿ, ಪಂಜಾ ಎನ್ನುವ ಕಬ್ಬಿಣದ ಬಾಚಣಿಗೆಯಿಂದ ಕುಟ್ಟಿ ಕೂರಿಸಬೇಕು. ಆ ಮನೆಯ ಪದ್ಧತಿಯೆಂದರೆ ಈ ಕಸುಬು ಅತ್ತೆಯಿಂದ ಸೊಸೆಗೆ ಹೋಗಬೇಕೇ ಹೊರತು ಮಗಳಿಗಲ್ಲ. ಮಗಳು ನಾಳೆ ಬೇರೆ ಮನೆಗೆ ಹೋಗುವವಳು, ಕಸುಬು ಅವಳ ಹಿಂದೆಯೇ ಹೊಸ್ತಿಲು ದಾಟಿಬಿಡುತ್ತದೆ ಎನ್ನುವ ಭಯ. ಹೀಗಾಗಿ ಜಹೀರಾಳನ್ನು ಮಗ್ಗದ ಹತ್ತಿರ ಸೇರಿಸಲಿಲ್ಲ. ದೂರ ಕೂತು ನೋಡುವುದಷ್ಟೇ ಅವಳ ಪಾಲಿಗೆ ಬಂತು. ನೋಡಿ ನೋಡಿಯೇ ಅವಳ ಕಣ್ಣು ಅಷ್ಟು ಚುರುಕಾಯಿತೆಂದು ನನಗೆ ಅನಿಸುತ್ತದೆ. ಅವಳ ತಾಯಿ ಸೊಸೆಯಾದರೂ ಅಂಗನವಾಡಿ ಕೆಲಸ ಹಿಡಿದಳು, ಮಗ್ಗದ ಕಡೆ ತಿರುಗಿ ನೋಡಲಿಲ್ಲ. ಉಳಿದವಳು ಅಜ್ಜಿ ಜುಲೇಖಾಬಿ, ಜಹೀರಾಳ ದಾದಿ, ಒಬ್ಬಳೇ. ಎಂಬತ್ತು ದಾಟಿದರೂ ಒಬ್ಬರೇ ನೇಯಬಹುದಾದ ಸಣ್ಣ ಜಾನಮಾಜುಗಳನ್ನು, ಅಂದರೆ ನಮಾಜಿಗೆ ಹಾಸುವ ಚಾಪೆಗಳನ್ನು, ನೇಯುತ್ತಲೇ ಇದ್ದಳು.

ಅಗಲದ ಜಮಖಾನೆಗೆ ಇಬ್ಬರು ಬೇಕು. ಆ ಮನೆಯಲ್ಲಿ ಅಂಥದ್ದು ನೇಯ್ದು ಅರವತ್ತು ವರ್ಷಗಳ ಮೇಲಾಗಿದೆ. ಕೊನೆಯದನ್ನು ಅಜ್ಜಿ ತನ್ನ ನೆಗೆಣ್ಣಿ ಮುಮತಾಜಳ ಜೊತೆ ಕೂತು ನೇಯ್ದದ್ದು. ಈದಿಗೊಮ್ಮೆ ಅದನ್ನು ಪೆಟ್ಟಿಗೆಯಿಂದ ತೆಗೆದು ಹಾಸುತ್ತಾರೆ. ಕೆಂಪು ನೆಲದ ಮೇಲೆ ಸಾಲು ನವಿಲುಗಳು, ಒಂದೊಂದು ನವಿಲಿಗೂ ಒಂದು ಕಾಲು ಗಿಡ್ಡ. ಇವರಿಬ್ಬರ ಅತ್ತೆ ಯಾವ ಕಾಲದಲ್ಲೋ ಎಳೆ ಎಣಿಸುವಾಗ ತಪ್ಪಿದ್ದಳಂತೆ. ಸೊಸೆಯಂದಿರು ಆ ತಪ್ಪನ್ನೂ ಭಕ್ತಿಯಿಂದ ಕಲಿತರು. ಊರಲ್ಲಿ ಬೇರೆ ಯಾವ ಮನೆಯ ನವಿಲೂ ಹೀಗೆ ಕುಂಟುವುದಿಲ್ಲ.

ಮುಮತಾಜಳ ವಿಷಯ ಆ ಮನೆಯಲ್ಲಿ ಮಾತಾಗಿದ್ದೇ ಕಡಿಮೆ. ಹುಟ್ಟಿದ ಕೂಸು ಉಳಿಯಲಿಲ್ಲ. ಆಮೇಲೆ ಅವಳು ನಿದ್ದೆ ಬಿಟ್ಟಳು, ಎಳೆಯಿಲ್ಲದ ಮಗ್ಗದ ಮುಂದೆ ಕೂತು ಬರೀ ಪಂಜಾ ಕುಟ್ಟತೊಡಗಿದಳು. ಗಂಡಸರು ಅವಳನ್ನು ಕಲಘಟಗಿ ಸೀಮೆಯ ದುಮ್ಮವಾಡದ ಆಚೆ ಇದ್ದ ಮಾನಸಿಕ ಆಸ್ಪತ್ರೆಗೆ ಸೇರಿಸಿ ಬಂದರು. ಯಾವುದೋ ಧರ್ಮಸಂಸ್ಥೆ ನಡೆಸುತ್ತಿದ್ದ ಆಸ್ಪತ್ರೆ ಅದು. ಅವಳ ಗಂಡ ಎರಡು ಸಲ ಹೋಗಿ ನೋಡಿ ಬಂದು, ಅವಳಿಗೆ ಯಾರ ಗುರುತೂ ಉಳಿದಿಲ್ಲ, ಇನ್ನು ಯಾರೂ ಹೋಗುವುದು ಬೇಡ ಎಂದನಂತೆ. ಬಹಳ ವರ್ಷಗಳ ಮೇಲೆ ಸುದ್ದಿ ಬಂದಾಗ ಗಂಡಸರೇ ಹೋಗಿ ಮಣ್ಣು ಕೊಟ್ಟು ಬಂದರು. ಆಸ್ಪತ್ರೆಯೂ ಮುಚ್ಚಿಹೋಯಿತು.

ಹೋದ ವರ್ಷ ಚಳಿಗಾಲದಲ್ಲಿ ಒಂದು ಸಂಜೆ ನಾನು ಜಹೀರಾಳ ಮನೆಯಲ್ಲಿ ಚಹ ಕುಡಿಯುತ್ತ ಕೂತಿದ್ದೆ. ಅವಳು ಯಾವುದೋ ಪಾಳು ಗಿರಣಿಯ ಫೋಟೋಗಳನ್ನು ಅಜ್ಜಿಗೆ ತೋರಿಸುತ್ತಿದ್ದಳು. ಅಜ್ಜಿ ಎಲ್ಲವನ್ನೂ ನೋಡಿ ಕನ್ನಡಕ ತೆಗೆದಿಟ್ಟಳು.

"ಇಷ್ಟೆಲ್ಲಾ ಕಡೆ ತಿರಗತಿ. ಆ ದುಮ್ಮವಾಡದ ದವಾಖಾನಿಗೆ ಒಮ್ಮೆ ಹೋಗಿ ಬಾ ಬೇಟಿ."

"ಅಲ್ಲೇನೂ ಉಳದಿಲ್ಲಂತ ದಾದಿ. ಹುಡಕೂದಾದ್ರೂ ಏನ್ ಹುಡಕಲಿ?"

"ನನಗೇನ್ ಗೊತ್ತು. ಆಕಿ ಕಡೀತನಕಾ ಅಲ್ಲೇ ಇದ್ಲು. ಯಾರ ಗುರ್ತೂ ಇಲ್ಲ ಅಂದ್ರು, ನಾ ನಂಬಿ ಮನ್ಯಾಗ ಕುಂತೆ. ನಾ ಆಕಿ ನೆನಪಿನ್ಯಾಗ ಇದ್ದೆನೋ ಇಲ್ಲೋ, ಅದೊಂದು ತಿಳದ್ರ ಸಾಕು ನನಗ."

ಸತ್ತವರ ನೆನಪನ್ನು ಪಾಳುಗೋಡೆಯಲ್ಲಿ ಹುಡುಕಲು ಆಗುತ್ತದೆಯೇ ಎಂದು ಕೇಳಬೇಕೆಂದಿದ್ದೆ. ಅಜ್ಜಿಯ ಮುಖ ನೋಡಿ, ನಾನೂ ಬರುತ್ತೇನೆ ಎಂದೆ. ಮುಂದಿನ ವಾರವೇ ನನ್ನ ಕಾರಿನಲ್ಲಿ ಇಬ್ಬರೂ ಹೊರಟೆವು.

ಕಟ್ಟಡದ ಕೀಲಿ ಮಡಿವಾಳೆಪ್ಪ ಎನ್ನುವ ರೈತನ ಹತ್ತಿರವಿತ್ತು. ಪಕ್ಕದ ಹೊಲದವನು, ಅರವತ್ತೈದರ ಆಸುಪಾಸು. ಒಂದು ಭಾಗದಲ್ಲಿ ಮೇವು ಒಟ್ಟಿಕೊಂಡಿದ್ದ. "ಫೋಟೋ ತಗೋರಿ, ಆದ್ರ ತಲಿ ಮ್ಯಾಲ ನಿಗಾ ಇರ್ಲಿ. ಬರೂ ಮಳಿಗಾಲ ದಾಟೂದಿಲ್ರಿ ಇದು," ಎಂದು ಬಾಗಿಲು ತೆಗೆದು ತನ್ನ ಕೆಲಸಕ್ಕೆ ಹೋದ.

ಒಳಗೆ ಉದ್ದನೆಯ ಪಡಸಾಲೆ, ಎರಡೂ ಬದಿಗೆ ಕೋಣೆಗಳು. ಹಂಚು ಬಿದ್ದ ಕಡೆಯಿಂದ ಆಲದ ಬೇರು ಇಳಿದು ನೆಲದ ಫರಸಿಯನ್ನು ಎತ್ತಿತ್ತು. ತುಕ್ಕು ಹಿಡಿದ ಮಂಚಗಳು ಸಾಲಾಗಿ ಹಾಗೆಯೇ ಇದ್ದವು. ಒಂದರ ಕೆಳಗೆ ಜಜ್ಜಿಹೋದ ಅಲ್ಯುಮಿನಿಯಂ ತಾಟು. ಚಿಲಕಗಳೆಲ್ಲ ಬಾಗಿಲ ಹೊರಮೈಗೇ ಇದ್ದವು, ಒಳಗೆ ಒಂದೂ ಇರಲಿಲ್ಲ. ಅದನ್ನು ನೋಡಿ ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಹೆಂಗಸರ ಕೋಣೆ ಕೊನೆಯದು. ಪಶ್ಚಿಮಕ್ಕೆ ಸರಳು ಹಾಕಿದ ಒಂದು ಕಿಟಕಿ, ಅದರ ಮಗ್ಗುಲಿಗೆ ಉದ್ದನೆಯ ಬೋಳು ಗೋಡೆ. ಜಹೀರಾ ಎಲ್ಲ ಮೂಲೆಗಳ ಫೋಟೋ ತೆಗೆದಳು, ಆ ಗೋಡೆಯದನ್ನೂ ತೆಗೆದಳು. ಬಿಳಿ ಸುಣ್ಣ ಬಿಟ್ಟರೆ ಏನೂ ಕಾಣಲಿಲ್ಲ. ರೊಟ್ಟಿ ಗಂಟು ಬಿಚ್ಚಿ ಊಟ ಮುಗಿಸಿದೆವು. ನಾನು ಹೋಗೋಣ ಎಂದೆ, ಅವಳು ಬಿಸಿಲು ತಿರುಗಲಿ ಎಂದಳು. ಮತ್ತೆ ಎಂದೆ. ಮೂರನೆಯ ಸಲ ನನ್ನ ದನಿ ಏರಿತ್ತು.

"ಏನ್ ಕಾಯಾಕತ್ತೀ ಜಹೀರಾ? ಖಾಲಿ ಗ್ವಾಡಿ ಅದು."

"ಸ್ವಲ್ಪ ಸುಮ್ನ ಕೂಡ ರೋಹಿಣಿ ಅಕ್ಕಾ."

ಹೊತ್ತು ಇಳಿಯುತ್ತಿತ್ತು. ಕಿಟಕಿಯಿಂದ ಬಂದ ಬಿಸಿಲು ನೆಲ ದಾಟಿ, ಗೋಡೆಯನ್ನು ಸವರಿಕೊಂಡು ಅಡ್ಡಕ್ಕೆ ಹಾಯಿತು. ಆಗ ಗೋಡೆಯ ಕೆಳಗಡೆ ಸಣ್ಣ ಸಣ್ಣ ನೆರಳುಗಳು ಎದ್ದವು. ಮೊದಲು ಒಂದು ಅಂಚು. ಅದರ ಮೇಲೆ ಪಗಡೆ ಹಾಸಿನ ಚೌಕಗಳು. ಬಿಸಿಲು ಸರಿದಂತೆ ಸಾಲಿನ ಮೇಲೆ ಸಾಲು ಎದ್ದು ಬಂದು, ನೆಲದಿಂದ ಒಬ್ಬ ಹೆಂಗಸು ಕೈ ಎತ್ತಿದಷ್ಟು ಎತ್ತರಕ್ಕೆ ಒಂದು ಜಮಖಾನೆಯೇ ಗೋಡೆಯಲ್ಲಿ ನಿಂತುಬಿಟ್ಟಿತು. ಬಣ್ಣವಿಲ್ಲ, ದಾರವಿಲ್ಲ, ಬರೀ ಗೀರು. ಒಂದೊಂದು ಎಳೆಗೂ ಒಂದೊಂದು ಗೀರು.

ನಾನು ಕೂತಲ್ಲಿಂದ ಎದ್ದು ನಿಂತಿದ್ದೆ. ದೊಡ್ಡ ದೊಡ್ಡ ಗುಡಿಗಳನ್ನು ನೋಡಿದ್ದೇನೆ, ಅಲ್ಲೆಲ್ಲ ಕೈ ಮುಗಿದದ್ದು ರೂಢಿಯಿಂದ. ಇಲ್ಲಿ ಮಾತ್ರ ಕೈಗಳು ತಾವಾಗಿ ಕೂಡಿಕೊಂಡವು. ಯಾವ ಸಲಕರಣೆಯೂ ಇಲ್ಲದೆ, ಯಾರೂ ಹೇಳದೆ, ಯಾರಿಗೂ ಮಾರುವುದಕ್ಕಲ್ಲದೆ ಇಷ್ಟನ್ನು ಒಂದು ಜೀವ ಮಾಡಿತ್ತು.

ಜಹೀರಾ ಒಂದೊಂದಾಗಿ ಫೋಟೋ ತೆಗೆದಳು. ನಡುವಿನ ಸಾಲಿಗೆ ಬಂದಾಗ ಕ್ಯಾಮರಾ ಇಳಿಸಿದಳು.

"ನವಿಲಿನ ಕಾಲು ನೋಡಕ್ಕಾ."

ಒಂದೊಂದು ನವಿಲಿಗೂ ಒಂದು ಕಾಲು ಗಿಡ್ಡವಿತ್ತು.

ಇಬ್ಬರೂ ಅತ್ತೆವು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆಮೇಲೆ ಕಣ್ಣು ಒರೆಸಿಕೊಂಡು ನೋಡಿದಾಗ ಇನ್ನೊಂದು ಕಂಡಿತು. ಜಮಖಾನೆ ಅರ್ಧವೇ ಇತ್ತು. ಬಲಗಡೆ ತುಂಬಾ ಗೀರುಗಳು. ನಡುಮಧ್ಯದಿಂದ ಎಡಕ್ಕೆ ಮಾತ್ರ ಒಂದು ಗೆರೆಯೂ ಇಲ್ಲದ ಬಿಳಿ ಸುಣ್ಣ. ನಡುವೆ ಪ್ರತಿ ಸಾಲಿನ ತುದಿಗೂ ಸಣ್ಣದೊಂದು ಗೀರು ಆ ಖಾಲಿ ಕಡೆಗೆ ಚಾಚಿಕೊಂಡಿತ್ತು. ಕೈ ಜಾರಿರಬೇಕು ಎಂದುಕೊಂಡೆವು.

ಮಡಿವಾಳೆಪ್ಪ ಬಾಗಿಲು ಹಾಕಲು ಬಂದವನು ಗೋಡೆ ನೋಡಿ ತಲೆಯ ಟವೆಲ್ ತೆಗೆದ. "ಇನ್ನೂ ಐತೇನ್ರೀ ಇದು," ಎಂದ. ಸಣ್ಣವನಿದ್ದಾಗ ಆಸ್ಪತ್ರೆಗೆ ಹಾಲು ಹಾಕಲು ಬರುತ್ತಿದ್ದನಂತೆ. "ಆ ಅವ್ವಾರು ಚಮಚಾದ ಹಿಡಿಕಿ ತಗೊಂಡು ಕೆರೀತಿದ್ರು. ವರ್ಷಾ ವರ್ಷಾ ದವಾಖಾನಿಯವ್ರು ಸುಣ್ಣಾ ಹಚ್ಚತಿದ್ರು, ಮುಚ್ಚಿ ಹೋಗತಿತ್ತು. ಅವ್ವಾರು ಮತ್ತ ಕೆಳಗಿಂದ ಸುರು ಮಾಡಿ ಅದ ಗೀರಿನ ಮ್ಯಾಲ ಗೀರತಿದ್ರು. ನಾ ಮದಿವಿ ಆಗಿ ಮಕ್ಕಳಾದ ಮ್ಯಾಲೂ ನೋಡೇನ್ರಿ."

"ಅರ್ಧಾ ಯಾಕ ಬಿಟ್ರು?" ಎಂದು ಜಹೀರಾ ಕೇಳಿದಳು.

"ಅದನ್ನ ಯಾರೂ ಕೇಳ್ಲಿಲ್ರಿ ತಂಗಿ. ಆ ಕಡೆ ಯಾರರ ಕುಂತ್ರ ಮಾತ್ರ ಸಿಟ್ಟಾಗತಿದ್ರು."

ಹುಬ್ಬಳ್ಳಿ ದಾಟಿ ಎರೆಹೊಲಗಳು ಶುರುವಾದ ಮೇಲೆ ಜಹೀರಾ ತನಗನಿಸಿದ್ದನ್ನು ಹೇಳಿದಳು. ಅಷ್ಟು ವರ್ಷ ಕೈಯಲ್ಲಿದ್ದರೂ ಅರ್ಧ ಬಿಟ್ಟಿದ್ದಾಳೆ ಎಂದರೆ ಮುಮತಾಜಳಿಗೆ ಇನ್ನರ್ಧ ಮರೆತೇ ಹೋಗಿತ್ತು. ಕಸುಬು ಕೈಯಲ್ಲಿ ಉಳಿದಿತ್ತು, ಮನುಷ್ಯರು ಉಳಿದಿರಲಿಲ್ಲ. ಮನೆಯವರು ಹೇಳಿದ್ದೇ ಖರೆ. ಇದನ್ನು ದಾದಿಗೆ ಹೇಗೆ ತೋರಿಸುವುದು ಎಂದು ಕೇಳಿದಳು.

ಆಗ ಬುದ್ಧಿ ಹೇಳಿದವಳು ನಾನು. ಮದುಮಗಳ ಕೆನ್ನೆಯ ಮೇಲಿನ ಕಲೆಯನ್ನು ಮುಚ್ಚಿ ಮುಚ್ಚಿ ಕೈ ಪಳಗಿದವಳಲ್ಲವೇ. "ಖಾಲಿ ಅರ್ಧಾ ಕತ್ತರಿಸಿ ಒಗಿ. ಚೆಂದ ಇರೂದಷ್ಟ ತೋರ್ಸು. ಮುದುಕಿ ಜೀವಕ್ಕ ಸಮಾಧಾನ ಆಗಲಿ," ಎಂದೆ. ಜಹೀರಾ ಎಂದೂ ತಾನು ತೆಗೆದ ಫೋಟೋದ ಅಂಚು ಕತ್ತರಿಸುವವಳಲ್ಲ. ಅಂದು ಕತ್ತರಿಸಿದಳು. ನಡುಮಧ್ಯಕ್ಕೆ ನೇರ ಕತ್ತರಿಸಿ, ಆ ಜಾರಿದ ಗೀರುಗಳನ್ನೂ ತೆಗೆದುಹಾಕಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿದಳು.

ಅಜ್ಜಿ ಆ ಪ್ರಿಂಟನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದಳು. ನವಿಲಿನ ಗಿಡ್ಡ ಕಾಲು ಸಿಕ್ಕಾಗ ಒಂದು ಸಲ ನಕ್ಕಳು. ಆಮೇಲೆ ಬೆರಳನ್ನು ಎಡಕ್ಕೆ ಸರಿಸುತ್ತ ಹೋಗಿ ಕಾಗದದ ಅಂಚಿನಲ್ಲಿ ನಿಲ್ಲಿಸಿದಳು.

"ಈ ಕಡೆ ಏನೈತಿ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. "ಏನಿಲ್ಲ ದಾದಿ. ಖಾಲಿ ಐತಿ," ಎಂದಳು ಜಹೀರಾ.

"ಪೂರಾ ಖಾಲಿ?"

"ಪೂರಾ. ಆಕಿ ಅಲ್ಲೆ ಏನೂ ಗೀರಿಲ್ಲ."

"ಮತ್ತ ಅದನ್ನ ಯಾಕ ಕತ್ತರಿಸಿದಿ? ಅದನ್ನೂ ತೋರ್ಸು."

ಜಹೀರಾ ಕ್ಯಾಮರಾ ತಂದು ಪರದೆಯ ಮೇಲೆ ಇಡೀ ಗೋಡೆ ತೋರಿಸಿದಳು. ಅಜ್ಜಿ ಕನ್ನಡಕ ಹಾಕಿಕೊಂಡು ಬಗ್ಗಿದಳು. ಬೇರೆಯವರ ಕಣ್ಣು ನವಿಲಿನ ಮೇಲೆ ಹೋಗುತ್ತಿತ್ತು, ಅವಳದು ಹೋಗಲಿಲ್ಲ. ನಡುಮಧ್ಯದ ಆ ಸಣ್ಣ ಗೀರುಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಮುಟ್ಟುತ್ತ ಹೋದಳು.

"ಖಾಲಿ ಅಲ್ಲ ಬೇಟಿ ಅದು. ಮಗ್ಗದ ಬಲಕ್ಕ ಆಕಿ, ಎಡಕ್ಕ ನಾ. ಅದು ನಾ ಕೂಡೂ ಜಾಗಾ."

ಅಜ್ಜಿ ಪರದೆಯ ಮೇಲಿನ ಬೆರಳು ತೆಗೆಯದೆ ಮುಂದುವರಿಸಿದಳು. "ಇವು ಕೈ ಜಾರಿದ್ದಲ್ಲ. ತನ್ನ ಕಡೀದು ಮುಗದ ಕೂಡ್ಲೆ ಎಳೀ ತುದಿ ಹಿಂಗ ನನ್ನ ಕಡೆ ಚಾಚತಿದ್ಲು, ನಾ ಇಸಗೋತಿದ್ದೆ. ನೋಡು, ಎಲ್ಲಾ ಸಾಲಿನ್ಯಾಗೂ ಕೊಡಾಕತ್ತಾಳ. ನನ್ನ ಪಾಲಿಂದು ಒಂದ ಎಳೀನೂ ಆಕಿ ಮುಟ್ಟಿಲ್ಲ."

ನಾನು ತಲೆ ತಗ್ಗಿಸಿದೆ. ಇಡೀ ಗೋಡೆಯಲ್ಲಿ ಅಜ್ಜಿಗೆ ಬಂದ ಉತ್ತರವಿದ್ದದ್ದು ಅಷ್ಟು ಜಾಗದಲ್ಲೇ. ಅದನ್ನೇ ಕಲೆಯೆಂದು ತಿಳಿದು ನಾನು ಕತ್ತರಿಸಲು ಹೇಳಿದ್ದೆ. ಅವಳ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ. ಅಜ್ಜಿ ಅಳುತ್ತಲೇ ನನ್ನ ಬೆನ್ನು ತಟ್ಟಿದಳು.

ಮಳೆಗಾಲದಲ್ಲಿ ಆ ಗೋಡೆ ಬಿತ್ತೆಂದು ಮಡಿವಾಳೆಪ್ಪ ಫೋನ್ ಮಾಡಿ ತಿಳಿಸಿದ. ಅಷ್ಟರಲ್ಲಿ ಜುಲೇಖಾಬಿಯ ಪಡಸಾಲೆಯಲ್ಲಿ ಅಗಲದ ಮಗ್ಗ ಎದ್ದಿತ್ತು. ಕತ್ತರಿಸದ ಫೋಟೋ ಪಕ್ಕದ ಗೋಡೆಗೆ ಅಂಟಿಸಿದ್ದರು. ಮೊದಲ ದಿನ ನಾನು ಹೋದಾಗ ಅಜ್ಜಿ ಎಡಗಡೆ ಕೂತಾಗಿತ್ತು. ಜಹೀರಾ ರೂಢಿಯಂತೆ ದೂರ, ಕಂಬದ ಹತ್ತಿರ ಕ್ಯಾಮರಾ ಹಿಡಿದು ನಿಂತಿದ್ದಳು.

"ಅದನ್ನ ರೋಹಿಣಿ ಕೈಯಾಗ ಕೊಡು. ಬಾ, ಬಲಕ್ಕ ಕೂಡು," ಎಂದಳು ಅಜ್ಜಿ.

"ನಾ ಈ ಮನಿ ಮಗಳು, ದಾದಿ."

"ಗೊತ್ತೈತಿ. ಕೂಡು."

ಜಹೀರಾ ಕೂತಳು. ಫೋಟೋ ನೋಡುತ್ತ, ತಡವರಿಸುತ್ತ, ಎಳೆಯನ್ನು ಬಲದ ಅಂಚಿನಿಂದ ತೂರಿಸಿಕೊಂಡು ನಡುಮಧ್ಯಕ್ಕೆ ತಂದು ನಿಲ್ಲಿಸಿದಳು. ಮುಂದೇನು ಮಾಡಬೇಕೋ ತಿಳಿಯದೆ ಅಜ್ಜಿಯ ಮುಖ ನೋಡಿದಳು. ಅಜ್ಜಿ ಮಗ್ಗದಿಂದ ಕಣ್ಣು ತೆಗೆಯದೆ ಕೈ ಚಾಚಿದ್ದಳು.

"ಇಲ್ಲೆ ಕೊಡು," ಎಂದಳು. "ಆಕಿ ಭಾಳ ದಿನಾ ಹಿಡಕೊಂಡು ಕುಂತಿದ್ಲು."