ಕಂಟ್ರೋಲರ್ ಕಾಕಾ ಓದಿದ ದಿನಕ್ಕೊಂದು ಸುದ್ದಿ

ಕಂಟ್ರೋಲರ್ ಕಾಕಾ ಅವರಿಗೆ ಮೆಲ್ಲಗೆ ಮಾತಾಡುವುದು ಬರುತ್ತಲೇ ಇರಲಿಲ್ಲ. ಹಾನಗಲ್ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಅರ್ಧ ಆಯುಷ್ಯ ಕಳೆದವರು. ನಿವೃತ್ತರಾದ ಮೇಲೂ ಮನೆಯಲ್ಲಿ ಚಹಾ ಕೇಳುವಾಗ ಶಿಗ್ಗಾಂವಿ ಬಸ್ಸು ಬಿಟ್ಟಂತೆಯೇ ಕೂಗುತ್ತಿದ್ದರು. "ಗಮನಿಸಬೇಕು! ಚಾ ಇನ್ನೂ ಬಂದಿಲ್ಲ!" ಒಳಗಿನಿಂದ ಕಾಕಿ, "ಗಾಡಿ ಕೆಟ್ಟೈತಿ, ಸುಮ್ಮ ಕುಂದರ್ರಿ" ಎನ್ನುತ್ತಿದ್ದಳು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಹಾಗಾಗಿ ಅವರ ಸಂಸಾರವೆಲ್ಲ ನಮಗೆ ಬಾಯಿಪಾಠ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು. ಒಂದು ಜ್ವರ ಬಂತು, ಹೋಯಿತು. ದಣಿವು ಮಾತ್ರ ಉಳಿಯಿತು. ಮೈ ದಣಿದರೆ ಮಲಗಬಹುದು, ನನಗೆ ತಲೆಯೇ ದಣಿಯುತ್ತಿತ್ತು. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅದರ ಆರಂಭ ಮರೆತಿರುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ರಕ್ತವನ್ನೆಲ್ಲ ಪರೀಕ್ಷೆ ಮಾಡಿಸಿ, ಇದು ದೀರ್ಘಕಾಲದ ದಣಿವಿನ ಕಾಯಿಲೆ, ಇದರ ಜೊತೆಗೇ ಬಾಳಬೇಕು ಅಂದರು. ರಟ್ಟೀಹಳ್ಳಿಯ ಅತ್ತೆ, "ಡಾಕ್ಟರ್ ಹೆಸರಿಟ್ಟಾರ ನೋಡು. ನಾವು ಇದಕ್ಕ ಮೈಗಳ್ಳತನ ಅಂತಿದ್ವಿ" ಅಂದಳು. ನನಗೆ ಸಿಟ್ಟು ಬರಲಿಲ್ಲ. ಆಗ ಏನೂ ಬರುತ್ತಿರಲಿಲ್ಲ. ತಮ್ಮನಿಗೆ ಮಗಳು ಹುಟ್ಟಿದಳೆಂದು ಪೇಡೆ ಕೊಟ್ಟರು. ತಿಂದೆ, ಕೈ ತೊಳೆದುಕೊಂಡು ಮಲಗಿದೆ.

ಕಾಯಿಲೆಗೆಂದು ಹಾಕಿದ್ದ ರಜೆ ಜೂನ್ ತಿಂಗಳಿಗೆ ಮುಗಿಯುವುದಿತ್ತು. ಅಷ್ಟರಲ್ಲಿ ಒಂದು ಪಿರಿಯಡ್ಡಾದರೂ ಪೂರ್ತಿ ನಿಂತು ಪಾಠ ಮಾಡುವಷ್ಟು ತಲೆ ತಯಾರಾಗದಿದ್ದರೆ ನೌಕರಿ ಬಿಡಬೇಕಿತ್ತು.

ಇದನ್ನು ಗೋಡೆಯಾಚೆಯಿಂದಲೇ ಕೇಳಿಸಿಕೊಂಡಿದ್ದ ಕಾಕಾ ಒಂದು ಮುಂಜಾನೆ ಪೇಪರ್ ಹಿಡಿದು ನಮ್ಮ ಕಟ್ಟೆಗೆ ಬಂದು ಕುಳಿತರು. "ಅಕ್ಕೋರ, ಒಂದ ಸುದ್ದಿ ಓದ್ತೇನಿ. ಕೇಳಿ ನನಗ ತಿರುಗಿ ಹೇಳ್ರಿ." ಓಣಿಯ ನಾಯಿ ಎದ್ದು ಹೋಗುವಷ್ಟು ಜೋರಾಗಿ ಸವಣೂರಿನ ವೀಳ್ಯದೆಲೆ ತೋಟಗಳಿಗೆ ಬಂದ ರೋಗದ ಸುದ್ದಿ ಓದಿದರು.

"ಹೇಳು."

"ಸವಣೂರ... ಎಲಿ..."

"ಏನಾತು ಎಲಿಗೆ?"

"ಗೊತ್ತಿಲ್ರಿ ಕಾಕಾ."

"ಹೋಗ್ಲಿ ಬಿಡು. ಹಿಂದ ಇನ್ನೊಂದು ಖಾಲಿ ಬರಾಕತ್ತೇತಿ" ಎಂದು ಪೇಪರ್ ಮಡಚಿ ಎದ್ದರು.

ತುಂಬಿದ ಬಸ್ಸಿಗೆ ಜೋತುಬೀಳುವ ಜನರಿಗೆ ಅವರು ಜೀವಮಾನವಿಡೀ ಹೇಳಿದ ಮಾತು ಅದು. "ಅದು ಸುಳ್ಳಲ್ರೀ ಕಾಕಾ?" ಎಂದು ಕೇಳಿದೆ. "ಸುಳ್ಳ ಐತಿ. ಆದ್ರ ಅದನ್ನ ನಂಬಿ ಮಂದಿ ನಿಂತಿರ್ತಾರಲ್ಲ" ಅಂದರು.

ಮರುದಿನ ಮತ್ತೆ ಬಂದರು. ಅದರ ಮರುದಿನವೂ ಬಂದರು. ಶಹಬ್ಬಾಸ್ ಅನ್ನಲಿಲ್ಲ, ಅಯ್ಯೋ ಪಾಪ ಅಂತಲೂ ಅನ್ನಲಿಲ್ಲ. ನಾನು ಹೇಳಿದರೆ "ಹೂಂ", ಮರೆತರೆ "ಹಿಂದ ಬರಾಕತ್ತೇತಿ." ಎಷ್ಟು ಬೇಡಿದರೂ ಎರಡನೆಯ ಸುದ್ದಿ ಓದುತ್ತಿರಲಿಲ್ಲ. ಚಳಿ ಕಳೆಯುವ ಹೊತ್ತಿಗೆ ನಾನು ಒಂದು ಸುದ್ದಿಯನ್ನು ಊರು ಹೆಸರುಗಳ ಸಮೇತ ಒಪ್ಪಿಸುತ್ತಿದ್ದೆ. ಆಮೇಲೆ, "ಪೇಪರ್ ಸಾಕು, ನಿನ್ನ ರಾಜರ ಕತಿ ಹೇಳು" ಅಂದರು. ಹೇಳಿದೆ. ಅವರು ಗೊರಕೆ ಹೊಡೆದರು. ಕಾಕಿ ಬಂದು, "ಭೇಷ್ ಆತು, ನಿನ್ನ ಪಾಠಕ್ಕರ ನಿದ್ದಿ ಬಂತು ಇವರಿಗೆ" ಅಂದಳು.

ಏಪ್ರಿಲ್‌ನಲ್ಲಿ ಒಂದು ದಿನ ಎದ್ದಾಗ ತಲೆ ತೊಳೆದಿಟ್ಟ ತಾಟಿನ ಹಾಗೆ ಸ್ವಚ್ಛವಾಗಿತ್ತು. ನಾನು ಗುಣವಾದೆ ಅಂದುಕೊಂಡೆ. ಒಂದು ಅಧ್ಯಾಯ ಓದಿದೆ, ಟಿಪ್ಪಣಿ ಬರೆದೆ, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದೆ, ಸಂಜೆ ಮತ್ತೆ ಓದಿದೆ. ಮರುದಿನ ಏಳಲಾಗಲಿಲ್ಲ. ಎಷ್ಟೋ ದಿನ ಹಾಗೇ ಬಿದ್ದುಕೊಂಡಿದ್ದೆ. ಅವ್ವ ಗಂಜಿ ಕುಡಿಸುವಾಗ ನುಂಗಲೂ ಬೇಸರ.

ಕಾಕಾ ಬಾಗಿಲಲ್ಲಿ ನಿಂತು, ತಮ್ಮ ಲೆಕ್ಕದಲ್ಲಿ ಮೆಲ್ಲಗೆ, ಅಂದರೆ ಮೂರು ಮನೆಗೆ ಕೇಳುವಂತೆ ಮಾತಾಡಿದರು.

"ನಾ ಹಿರೇಕೆರೂರ ಕಡೆ ಇದ್ದಾಗ ಮಾಸೂರಿಗೆ ಒಂದು ವಸ್ತಿ ಬಸ್ ಬಿಡ್ತಿದ್ವಿ. ರಾತ್ರಿ ಅಲ್ಲೇ ನಿಂತು ಮುಂಜಾನಿ ಮಂದೀನ ಹತ್ತಿಸ್ಕೊಂಡು ಬರೂ ಬಸ್. ಹೊಸಾ ಡ್ರೈವರ್ ಒಬ್ಬ ಭಾಳ ಹುರುಪಿನವ. ಸುಮ್ಮ ಯಾಕ ನಿಲ್ಲಿಸೂದು ಅಂತ ರಾತ್ರೋರಾತ್ರಿ ಖಾಲಿ ಗಾಡಿ ಹೊಡಕೊಂಡು ಡಿಪೋಕ ಬಂದುಬಿಟ್ಟ! ಶಾಬಾಸ್ಕಿ ಕೊಡ್ತಾರ ಅಂತ ತಿಳದಿದ್ದ. ಮುಂಜಾನಿ ಮಾಸೂರಾಗ ಪರೀಕ್ಷಾ ಹುಡುಗ್ರು, ಕೋರ್ಟಿಗೆ ಹೋಗಾವ್ರು, ಬಸರಿ ಹೆಂಗಸು, ಎಲ್ಲಾರೂ ರೋಡಿನಾಗ ನಿಂತಾರ. ಬಸ್ಸ ಇಲ್ಲ."

ಪೇಪರ್ ಬಗಲಿಗೆ ಸಿಕ್ಕಿಸಿಕೊಂಡು ಹೇಳಿದರು: "ನಿಂದ್ರೂದೂ ಡ್ಯೂಟಿನ ಯವ್ವಾ. ಅವಗ ಅದು ತಿಳೀಲಿಲ್ಲ."

ಮತ್ತೆ ಒಂದೇ ಸುದ್ದಿಯಿಂದ ಶುರು ಮಾಡಿದೆವು.

ಜೂನ್ ಬಂತು. ಹೆಡ್ ಮಾಸ್ತರರು ಒಳ್ಳೆಯವರು, ದಿನಕ್ಕೆ ಒಂದೇ ಪಿರಿಯಡ್ ಕೊಡುತ್ತೇನೆ ಅಂದರು. ಆದರೆ ಮೊದಲ ದಿನವೇ ಬರದಿದ್ದರೆ ತಮ್ಮ ಕೈಯಲ್ಲೂ ಏನೂ ಉಳಿಯುವುದಿಲ್ಲ ಎಂದೂ ಹೇಳಿದ್ದರು. ಆ ಮೊದಲ ದಿನವೇ ಬೆಳಗಿನ ಜಾವ ಗೋಡೆಯಾಚೆಯಿಂದ ಕಾಕಿಯ ಅಳು ಕೇಳಿಸಿತು. ಕಾಕಾ ನಿದ್ದೆಯಲ್ಲೇ ಹೋಗಿದ್ದರು.

ಮಧ್ಯಾಹ್ನ ಮಣ್ಣು ಮಾಡುವುದು ಎಂದರು. ಓಣಿಯ ಹೆಂಗಸರೆಲ್ಲ ಹೋಗಿ ಶವದ ಮುಂದೆ ಕುಳಿತರು. ಆ ಗದ್ದಲದಲ್ಲಿ ಸ್ವಲ್ಪ ಹೊತ್ತು ಕುಳಿತರೂ ನನ್ನ ತಲೆಯಲ್ಲಿ ಪಾಠ ಉಳಿಯುವುದಿಲ್ಲ. ಪಾಠ ಮಾಡಿ ಬಂದರೆ ಮಣ್ಣಿಗೆ ಹೋಗಲು ಕಾಲು ಏಳುವುದಿಲ್ಲ. ಎರಡಕ್ಕಾಗುವಷ್ಟು ಕಸುವು ನನ್ನಲ್ಲಿರಲಿಲ್ಲ. ಅವ್ವ, "ಮುಖಾ ಆದ್ರೂ ನೋಡಿ ಹೋಗ, ಮಂದಿ ಏನಂದಾರು" ಅಂದಳು. ನಾನು ಸೀರೆ ಉಟ್ಟು, ಅವರ ಮನೆಯ ಮುಂದೆಯೇ ನಡೆದು ಶಾಲೆಗೆ ಹೋದೆ. ಗಂಟೆ ಬಾರಿಸುವ ತನಕ ಪಾಠ ಮಾಡಿದೆ. ಬಂದು ಮಲಗಿದೆ. ಹೊರಗೆ ಭಜನೆ ಶುರುವಾಗಿ ದೂರ ಹೋಯಿತು. ಅಳು ಬರಲಿಲ್ಲ. ಮಾಡಿದ್ದು ತಪ್ಪೆಂದು ಇವತ್ತಿಗೂ ಅನಿಸಿಲ್ಲ, ಆದರೆ ಆ ಮುಖ ನೋಡಬೇಕಿತ್ತು ಎಂದು ದಿನಾ ಅನಿಸುತ್ತದೆ.

ಮೂರನೆಯ ದಿನ ಕಾಕಿಯ ಹತ್ತಿರ ಹೋದೆ. ಅಲ್ಲಿದ್ದ ಹೆಂಗಸರು ಮಾತು ನಿಲ್ಲಿಸಿದರು.

"ಪಾಠ ಮುಗೀತೇನ?" ಕಾಕಿ ಕೇಳಿದಳು.

"ಮುಗೀತ್ರಿ. ಪೂರ್ತಿ."

"ನಮ್ಮಪ್ಪನ ಮಣ್ಣಿಗೆ ನಿಮ್ಮ ಕಾಕಾ ಬಂದಿದ್ದಿಲ್ಲ. ಡ್ಯೂಟಿ ಐತಿ ಅಂದ್ರು. ಸಾಯೂತನಾ ಬೈದೇನಿ ಅವರ್ನ. ಇನ್ನ ನಿನಗೂ ಬೈಯಾಕ ನನ್ನ ಹತ್ರ ಕಸುವಿಲ್ಲ. ಬಾ, ಕುಂದರು."

ಅವಳ ಪಕ್ಕ ಗೋಡೆಗೆ ಒರಗಿ ಕುಳಿತೆ. ಈಗಲಾದರೂ ಅಳು ಬರಲಿ ಎಂದು ಕಾದೆ. ಬಂದದ್ದು ನಿದ್ದೆ. ತಲೆ ಅವಳ ಹೆಗಲಿಗೆ ಜಾರಿದ್ದು ಗೊತ್ತಾಯಿತು, ಎತ್ತಲಾಗಲಿಲ್ಲ. ಯಾರೋ ಬಾಗಿಲಲ್ಲೇ ಗೋಳೋ ಎಂದು ಅಳುತ್ತ ಬಂದರು. ಕಾಕಿ ಸಣ್ಣ ದನಿಯಲ್ಲಿ ಅವರನ್ನು ಗದರಿಸಿದ್ದು ಕೇಳಿಸಿತು:

"ಸಾವಕಾಶ ಅಳ್ರಿ. ಕೂಸು ಮಲಗೇತಿ."