ನೂರು ಡಬ್ಬಿಗಳ ಬಿಡುಗಡೆ

ನಮ್ಮ ಬ್ಯಾಂಡಿನ ಮೊದಲ ಆಲ್ಬಮ್ಮು ಕಲಬುರಗಿಯಲ್ಲಿ ಬಿಡುಗಡೆಯಾದಾಗ ಅದನ್ನು ಮೆಚ್ಚದವರು ಒಬ್ಬರೂ ಇರಲಿಲ್ಲ. ಕೇಳಿದವರೂ ಇರಲಿಲ್ಲ, ಆ ಮಾತು ಬೇರೆ.

ಬ್ಯಾಂಡು ಅಂದರೆ ನಾವು ಮೂವರು. ಹಾಡುವುದು, ಗಿಟಾರು ನನ್ನದು. ಹೊಟ್ಟೆಪಾಡಿಗೆ ವಿಮಾ ಕಚೇರಿಯ ನೌಕರಿ. ಡ್ರಮ್ಮಿನವನಿಗೆ ಔಷಧಿ ಅಂಗಡಿ, ಕೀಬೋರ್ಡಿನವನ ಮನೆಯವರಿಗೆ ರೋಜಾ ಬಡಾವಣೆಯಲ್ಲಿ ಲಾಡ್ಜು. ಸೇಡಂ ರಸ್ತೆಯಲ್ಲಿ ಎಲುಬಿನ ಡಾಕ್ಟರ ದವಾಖಾನೆಯ ಮೇಲೊಂದು ಕೋಣೆ ಹಿಡಿದು, ಗೋಡೆಗೆಲ್ಲ ಹೊದೆಯುವ ಕೌದಿ ಜಡಿದು, ಅದನ್ನೇ ಸ್ಟುಡಿಯೋ ಎಂದು ಕರೆದೆವು. ಫ್ಯಾನು ಹಾಕಿದರೆ ಅದರ ಸದ್ದೂ ರೆಕಾರ್ಡಾಗುತ್ತಿತ್ತು. ಬಂದ್ ಮಾಡಿದರೆ ಏಪ್ರಿಲ್ ತಿಂಗಳ ಕಲಬುರಗಿ. ಅಂಗಿ ಬಿಚ್ಚಿ ಕೂತು ಪ್ರೇಮಗೀತೆ ಹಾಡಿದ್ದೇನೆ. ಅಪ್ಪಿತಪ್ಪಿ ಒಂದು ಹಾಡು ಕೇಳಿದ ಬೇರೆ ಊರಿನ ವೆಬ್ ಪತ್ರಿಕೆಯೊಂದು ನನ್ನ ದನಿಯಲ್ಲಿ ಬೆಂದ ಜೀವದ ಆರ್ತತೆಯನ್ನು ಗುರುತಿಸಿತು. ಅದು ಸೆಕೆ.

ಎಂಟು ಹಾಡುಗಳಲ್ಲಿ ನಾಲ್ಕನೆಯದರ ಬಗ್ಗೆ ಮಾತ್ರ ನನಗೆ ಒಳಗೊಳಗೇ ಅಳುಕು. ಅದರ ಧಾಟಿ ನನ್ನದಲ್ಲ, ಅಕ್ಕನದು. ಅಕ್ಕ ಇಲ್ಲೇ ಹತ್ತಿರದ ಕಮಲಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಮಷೀನು ತುಳಿಯುತ್ತ ತನ್ನಷ್ಟಕ್ಕೆ ತಾನು ಗುನುಗಲು ಅವಳೇ ಕಟ್ಟಿಕೊಂಡ ಧಾಟಿ ಅದು. ನಾನು ಅದಕ್ಕೆ ನನ್ನ ಸಾಲು ಹೊಂದಿಸಿ, ಸಂಗೀತ ಎಂಬಲ್ಲಿ ನನ್ನದೇ ಹೆಸರು ಹಾಕಿಸಿದ್ದೆ. ಒಪ್ಪಿಗೆ ಕೇಳಿದರೆ ಬೇಡ ಅಂದಾಳು ಎಂದು ಕೇಳಿರಲೇ ಇಲ್ಲ.

ಆಲ್ಬಮ್ಮು ಮೊಬೈಲಿನಲ್ಲಷ್ಟೇ ಸಿಗುವಂಥದ್ದು. ಆದರೆ ನಮ್ಮೂರಲ್ಲಿ ಬಿಡುಗಡೆ ಅಂದರೆ ಗಣ್ಯರು ಸಾಲಾಗಿ ನಿಂತು, ರಿಬ್ಬನ್ನು ಬಿಚ್ಚಿ, ಬಿಡುಗಡೆಯಾದದ್ದನ್ನು ಎದೆಮಟ್ಟಕ್ಕೆ ಹಿಡಿದು ಫೋಟೋ ತೆಗೆಸಿಕೊಳ್ಳಬೇಕು. ಅಧ್ಯಕ್ಷತೆಗೆ ಒಪ್ಪಿದ್ದ ನಿವೃತ್ತ ಪ್ರಾಂಶುಪಾಲರು ಐವಾನ್-ಎ-ಶಾಹಿ ಬಡಾವಣೆಯ ತಮ್ಮ ಮನೆಯಲ್ಲಿ ಚಹಾ ಕೊಟ್ಟು, "ಬರೇ ಮೊಬೈಲ್ ಹಿಡ್ಕೊಂಡು ನಿಂತ್ರ ಮಂದಿ ಏನಂತಾರ್ರೀ? ಕೈಯಾಗ ಏನರೆ ಬೇಕಲ್ಲ" ಎಂದರು. ಖರೆ ಅನ್ನಿಸಿತು. ನೂರು ಪ್ಲಾಸ್ಟಿಕ್ ಡಬ್ಬಿ ತಂದು, ಚಂದದ ಮುಖಪುಟ ಹಾಕಿಸಿದೆವು. ಒಳಗೆ ಏನೂ ಇಲ್ಲ. ಮೊಬೈಲು ಹಿಡಿದರೆ ಹಾಡು ಬರುವ ಕ್ಯೂಆರ್ ಕೋಡಿನ ಚೌಕವನ್ನು ಹಿಂಬದಿಯಲ್ಲಿ ಅಚ್ಚು ಹಾಕಿಸಬೇಕಿತ್ತು. ಆ ಜಾಗದಲ್ಲಿ ಪ್ರಾಯೋಜಕರಾದ ಸೀರೆ ಅಂಗಡಿಯವರ ಫೋಟೋ ಬಂತು.

ಸಮಾರಂಭದಲ್ಲಿ ಶಾಲು, ಹಾರ, ಐದು ಭಾಷಣ. ಹಾಡಲು ಹೊತ್ತು ಉಳಿಯಲಿಲ್ಲ, ಊಟ ಆರುತ್ತಿತ್ತು. ಡಬ್ಬಿಗಳನ್ನು ಮಾತ್ರ ಮಂದಿ ಕೇಳಿ ಕೇಳಿ ಒಯ್ದರು. ಮುಂದಿನ ವಾರವೆಲ್ಲ ಹೊಗಳಿಕೆಯೇ ಹೊಗಳಿಕೆ. "ನಿಮ್ಮ ಹಾಡು ಪೂರಾ ಕೇಳಿದ್ನಿರಿ, ಭಾಳ ಛಲೋ ಬಂದಾವ" ಎಂದು ನಮ್ಮ ಕಚೇರಿಯ ಮ್ಯಾನೇಜರು ಕೈ ಕುಲುಕಿದರು. ಪ್ರಾಂಶುಪಾಲರ ಶೋಕೇಸಿನಲ್ಲಿ ನಮ್ಮ ಡಬ್ಬಿ ಬುದ್ಧನ ಮಗ್ಗುಲಲ್ಲೇ ಕೂತಿತ್ತು. ಒಬ್ಬರಾದರೂ ತೆರೆದು ನೋಡಬಾರದೇ ಎಂದು ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಯೋಚಿಸಿದರೆ ಒಂಥರಾ ನಿರಾಳ. ಯಾರೂ ಕೇಳದ ಊರಿನಲ್ಲಿ ಕದ್ದ ಧಾಟಿ ಸಿಕ್ಕಿಬೀಳುವುದಾದರೂ ಹೇಗೆ?

ಆ ಧೈರ್ಯದ ಮೇಲೆ, ನನಗಾಗಿ ಎತ್ತಿಟ್ಟುಕೊಂಡಿದ್ದ ಡಬ್ಬಿ ಹಿಡಿದು ಕಮಲಾಪುರಕ್ಕೆ ಹೋದೆ. ಅಕ್ಕನೂ ಅದನ್ನು ಎಲ್ಲೋ ಅಂದವಾಗಿ ಇಟ್ಟುಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ತಿರುವಿ ನೋಡಿದಳು, ತೆರೆದಳು.

"ಇದ್ರಾಗ ಏನೂ ಇಲ್ಲಲ್ಲೋ. ಹಾಡು ಎಲ್ಲಿ ಅದ?"

ಇನ್ನೇನು ಮಾಡಲಿ, ಮೊಬೈಲು ತೆಗೆದು ಹಾಡು ಹಚ್ಚಿದೆ. ಮೊದಲ ಮೂರು ಹಾಡುಗಳನ್ನು ಅಕ್ಕ ಜಂಪರಿಗೆ ಗುಂಡಿ ಹಚ್ಚುತ್ತ ಕೇಳಿದಳು. ನಾಲ್ಕನೆಯದು ಶುರುವಾದಾಗ ಕೈ ನಿಂತಿತು. ನಾನು ಎದುರಿನ ಬಂಡಿಯಲ್ಲಿದ್ದ ಕೆಂಪು ಬಾಳೆಹಣ್ಣುಗಳನ್ನು ನೋಡುತ್ತ ಕೂತೆ. ಅಷ್ಟು ಉದ್ದದ ಹಾಡು ಅದು ಎಂದು ನನಗೇ ಗೊತ್ತಿರಲಿಲ್ಲ.

"ಇದು ನನ್ನ ಧಾಟಿ ಅಲ್ಲೇನು?" ಎಂದಳು.

"ಹೂಂ, ನಿಂದೇ. ನನ್ನ ಹೆಸರು ಹಾಕ್ಸೀನಿ" ಎಂದು ತಪ್ಪೊಪ್ಪಿಕೊಂಡು, ಬೈಗುಳಕ್ಕೆ ಕಾದೆ. ಒಂದು ವೇಳೆ ಸಿಕ್ಕಿಬಿದ್ದರೆ ಇರಲಿ ಎಂದು ಕ್ಷಮೆ ಕೇಳುವ ಮಾತನ್ನು ಬಸ್ಸಿನಲ್ಲೇ ಹೊಂದಿಸಿಟ್ಟುಕೊಂಡಿದ್ದೆ, ಅದರಲ್ಲಿ ಕಲೆ, ಪರಂಪರೆ ಎಂಬ ಮಾತುಗಳೂ ಇದ್ದವು.

"ಹೆಸರು ಯಾರದರೆ ಇರ್ಲಿ ಬಿಡು. ಎರಡನೇ ಸಾಲಿನಾಗ ನಡುವ ಉಸಿರು ತಗೊಂಡೀದಿ, ಅಲ್ಲಿ ತಗೋಬಾರ್ದು." ಮತ್ತೆ ಸೂಜಿ ಹಿಡಿದಳು. ಒಂದು ಗುಂಡಿ ಹಚ್ಚಿ ಮುಗಿಸಿ, ತಲೆ ಎತ್ತದೆಯೇ ಕೇಳಿದಳು: "ನನಗ ಯಾಕ ಕರೀಲಿಲ್ಲಪ್ಪ? ಬಂದು ನಾನೇ ಹಾಡ್ತಿದ್ನಲ್ಲ. ಎಷ್ಟು ದೂರ ಅದ?"

ಅವಳಿಗೆ ಸಿಟ್ಟು ಬರಬಹುದು ಎಂದು ಹೆದರಿದ್ದೆ. ಅವಳು ಹಾಡಬಹುದು ಎಂಬುದು ಅಷ್ಟು ತಿಂಗಳಲ್ಲಿ ಒಮ್ಮೆಯೂ ನನ್ನ ತಲೆಗೆ ಹೊಳೆದಿರಲಿಲ್ಲ. ನಾಚಿಕೆಗೆ ಕಣ್ಣು ತುಂಬಿತು. "ಮುಂದಿನ ಸಲ ನೀನೇ ಹಾಡು" ಎಂದೆ.

"ಹಂಗಾದ್ರ ಲಗೂನ ಮಾಡ್ರಿ" ಎಂದಳು ಅಕ್ಕ. "ಮ್ಯಾಲಿನ ಸುರ ಈಗೀಗ ನನಗ ನಿಲುಕವಲ್ದು."